ಈ ಪಿಚ್ಚರ್ ಯಾವ ಪಾರ್ಟಿದು?

ಹೋದ ಬೇಸಿಗೆಯಲ್ಲಿ ಅಕ್ಕನ ತೋಟದ ಮನೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆಗೆ ತಂದ ಪ್ರೊಜೆಕ್ಟರ್‌ನಲ್ಲಿ ‘ತಬ್ಬಲಿಯು ನೀನಾದೆ ಮಗನೆ’ ನೋಡಿದೆವು. ತಿಪಟೂರಿನಿಂದ ತುರುವೇಕೆರೆ ಕಡೆಗೆ ಹೋಗುವಾಗ ರಸ್ತೆಯಿಂದ ಒಳಗೆ ಸರಿದ ಊರು ಅದು. ಹಗಲೆಲ್ಲ ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ಬಿಡಿಸಿದ್ದರಿಂದ ಅಂಗಳದ ತುಂಬ ಚಿಪ್ಪಿನ ಚೂರು. ಚಿಪ್ಪು ಬಿಡಿಸಲು ಬಂದಿದ್ದ ಹೆಂಗಸರಲ್ಲಿ ವಯಸ್ಸಾದ ಒಬ್ಬರು ಊಟ ಮುಗಿಸಿ, ಹೊಸಿಲಿನಾಚೆ ಕಂಬಕ್ಕೆ ಒರಗಿ ಕೂತು ನೋಡಿದರು. ಒಳಗೆ ಬನ್ನಿ ಎಂದು ನಾವ್ಯಾರೂ ಕರೆದ ನೆನಪಿಲ್ಲ. ಅವರೂ ಬರಲಿಲ್ಲ.

ಚಿತ್ರ ಮುಗಿದ ಮೇಲೆ, ಬೆಂಗಳೂರಿನಲ್ಲಿ ಓದುತ್ತಿರುವ ಅಕ್ಕನ ಮಗ ಕೇಳಿದ: “ಮಾವ, ಈ ಪಿಚ್ಚರ್ ಯಾವ ಪಾರ್ಟಿದು?”

ಎಲ್ಲರೂ ನಕ್ಕೆವು. ಆದರೆ ಹುಡುಗನ ಗೊಂದಲದಲ್ಲಿ ಹುರುಳಿತ್ತು. ಕಾದಂಬರಿ ಎಸ್.ಎಲ್. ಭೈರಪ್ಪನವರದು. ಚಿತ್ರದ ನಿರ್ದೇಶಕರು ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತ. ಕಥೆಯ ನಡುವೆ ನಿಂತಿರುವುದು ಹಸು. ಅಮೆರಿಕದಲ್ಲಿ ಕೃಷಿ ಓದಿ ಬಂದ ಮಗ, ಅವನ ಅಮೆರಿಕನ್ ಹೆಂಡತಿ, ಊರಿನ ಪೂಜಾರಿ, ಮಾತು ಬಾರದ ತಾಯಿ. ಇವತ್ತಿನ ಕಣ್ಣಿಗೆ ಇದರಲ್ಲಿ ಒಂದೊಂದು ಹೆಸರಿಗೂ ಒಂದೊಂದು ಬಣ್ಣವಿದೆ. ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದರೆ ಯಾವ ಬಣ್ಣ ಎಂದು ಹೇಳುವುದು?

ಸಿನಿಮಾದ ರಾಜಕೀಯ ಒಲವನ್ನು ಅಳೆಯಲು ನಾವು ಸಾಮಾನ್ಯವಾಗಿ ಬಳಸುವ ಅಳತೆಗೋಲು ಮೂರು. ಮಾಡಿದವರು ಯಾರು ಎಂದು ನೋಡುವುದು ಒಂದು. ಕಥೆಯ ಕೊನೆಗೆ ಗೆದ್ದವರು ಯಾರು ಎಂದು ನೋಡುವುದು ಇನ್ನೊಂದು. ಯಾವ ಜಾತಿ, ಯಾವ ಲಿಂಗ, ಯಾವ ಧರ್ಮದವರಿಗೆ ತೆರೆಯ ಮೇಲೆ ಎಷ್ಟು ಜಾಗ ಸಿಕ್ಕಿತು ಎಂದು ಎಣಿಸುವುದು ಮೂರನೆಯದು. ಮೂರಕ್ಕೂ ಉಪಯೋಗವಿದೆ, ಮೂರೂ ಎಲ್ಲೋ ಒಂದು ಕಡೆ ಕೈಕೊಡುತ್ತವೆ. ನಮ್ಮ ತೆಂಗಿನ ಸೀಮೆಗೆ ಹತ್ತಿರದ ಕೆಲವು ಚಿತ್ರಗಳನ್ನೇ ಹಿಡಿದು ಅದನ್ನು ಪರೀಕ್ಷಿಸಬಹುದು.

ಹೆಸರು ನೋಡಿ ಹೇಳುವ ಕಣಿ

ಭೈರಪ್ಪನವರು ಹುಟ್ಟಿದ ಸಂತೇಶಿವರ ಲೆಕ್ಕಕ್ಕೆ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕು. ಆದರೆ ಅಲ್ಲಿನ ತೆಂಗು, ಮಾತು, ಬೈಗುಳ ಎಲ್ಲವೂ ತಿಪಟೂರು ಸೀಮೆಯವೇ. ‘ಗೃಹಭಂಗ’ದ ನಂಜಮ್ಮ ಓಡಾಡುವುದು ತಿಪಟೂರು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ. ಕನ್ನಡ ಸಿನಿಮಾಕ್ಕೂ ಕಿರುತೆರೆಗೂ ಈ ಭಾಗದ ನೆಲ ಹೆಚ್ಚಾಗಿ ಒದಗಿದ್ದು ಅವರ ಕಾದಂಬರಿಗಳ ಮೂಲಕವೇ.

ಆ ಕಾದಂಬರಿಗಳನ್ನು ಚಿತ್ರ ಮಾಡಿದವರ ಸಾಲು ನೋಡಿ. ‘ವಂಶವೃಕ್ಷ’ವನ್ನು ಕಾರ್ನಾಡ ಮತ್ತು ಕಾರಂತರು ಸೇರಿ ನಿರ್ದೇಶಿಸಿದರು, 1971ರ ಸಾಲಿನ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಇಬ್ಬರಿಗೂ ಬಂತು. 1977ರಲ್ಲಿ ಅದೇ ಜೋಡಿ ‘ತಬ್ಬಲಿಯು ನೀನಾದೆ ಮಗನೆ’ಯನ್ನು ಕನ್ನಡದಲ್ಲೂ, ‘ಗೋಧೂಳಿ’ ಎಂದು ಹಿಂದಿಯಲ್ಲೂ ತೆಗೆಯಿತು. ಟಿ.ಎನ್. ಸೀತಾರಾಮ್ ‘ಮತದಾನ’ ಮಾಡಿದರು. ಅದಕ್ಕೆ 2000ದ ಸಾಲಿನ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಗಿರೀಶ ಕಾಸರವಳ್ಳಿ ‘ಗೃಹಭಂಗ’ವನ್ನು ಕಿರುತೆರೆಗೆ ಧಾರಾವಾಹಿ ಮಾಡಿದರು, ಆಮೇಲೆ ‘ನಾಯಿ ನೆರಳು’ ಚಿತ್ರ ಮಾಡಿದರು.

2006ರಲ್ಲಿ ಟಿಪ್ಪು ಸುಲ್ತಾನನ ವಿಚಾರಕ್ಕೆ ಪತ್ರಿಕೆಯಲ್ಲಿ ಭೈರಪ್ಪ ಮತ್ತು ಕಾರ್ನಾಡರ ನಡುವೆ ನಡೆದ ಜಟಾಪಟಿ ಓದುಗರಿಗೆ ನೆನಪಿರಬಹುದು. ಮುಂದಿನ ವರ್ಷ ಭೈರಪ್ಪನವರ ‘ಆವರಣ’ ಕಾದಂಬರಿ ಬಂತು. 2018ರಲ್ಲಿ ಗೌರಿ ಲಂಕೇಶ್ ಹತ್ಯೆಯ ವರ್ಷದ ನೆನಪಿನ ಸಭೆಗೆ ಕಾರ್ನಾಡರು ‘ನಾನೂ ನಗರ ನಕ್ಸಲ’ ಎಂಬರ್ಥದ ಫಲಕ ಕೊರಳಿಗೆ ಹಾಕಿಕೊಂಡು ಬಂದು ಕೂತರು. ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರ ಅಭಿಮಾನಿಗಳು ಮುಖ ಸಿಂಡರಿಸುವ ಕಾಲ ಬಂದಿತ್ತು. ಆದರೆ 1971ರಲ್ಲಿ, 1977ರಲ್ಲಿ ಇವರ ಹೆಸರುಗಳು ಒಂದೇ ಚಿತ್ರದ ಹೆಸರುಪಟ್ಟಿಯಲ್ಲಿದ್ದವು. ಅಂದಮೇಲೆ, ಹೆಸರು ನೋಡಿ ಚಿತ್ರದ ಒಲವು ಹೇಳುವುದು, ಜಾತಕ ನೋಡಿ ಮದುಮಗಳ ಅಡುಗೆ ಹೇಗಿದೆ ಎಂದು ಹೇಳಿದಂತೆ.

ಇದರರ್ಥ ಮಾಡಿದವರ ನಿಲುವು ಮುಖ್ಯವಲ್ಲ ಎಂದಲ್ಲ. ಒಂದು ಕಾಲದ ನಿಲುವನ್ನು ಇನ್ನೊಂದು ಕಾಲದ ಕೆಲಸಕ್ಕೆ ಹಿಂದಕ್ಕೆ ಎಳೆದು ಅಂಟಿಸಬಾರದು ಎಂದಷ್ಟೇ.

ಸರ್ಕಾರ ಹಿಡಿದ ಅಳತೆಗೋಲು

ಸಿನಿಮಾದ ಒಲವನ್ನು ಅಳೆದು ತೀರ್ಪು ಕೊಡುವ ಅಧಿಕಾರ ಬಹುಕಾಲ ಸರ್ಕಾರದ ಕೈಯಲ್ಲೇ ಇತ್ತು. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ಕ್ಕೆ ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ಪ್ರಮಾಣಪತ್ರ ಕೊಡಲು ಒಪ್ಪಲಿಲ್ಲ, ಒಂದು ಸಮುದಾಯಕ್ಕೆ ನೋವಾಗುತ್ತದೆ ಎಂಬ ಭಯ. ಕೊನೆಗೆ ಬಿಡುಗಡೆಯಾಗಿ, 1970ರ ಸಾಲಿನಲ್ಲಿ ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದ ಮೊದಲ ಕನ್ನಡ ಚಿತ್ರವಾಯಿತು. ಬೇಡ ಎಂದದ್ದೂ ವ್ಯವಸ್ಥೆಯೇ, ಪದಕ ಹಾಕಿದ್ದೂ ವ್ಯವಸ್ಥೆಯೇ. ಅದರಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲು ಕಂಡು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಇನ್ನೊಂದು ಪ್ರಕರಣ ಹೆಚ್ಚು ಜನಕ್ಕೆ ತಿಳಿಯದು. ‘ಮಾಡಿ ಮಡಿದವರು’ ಚಿತ್ರದ ನಿರ್ದೇಶಕ ಕೆ.ಎಂ. ಶಂಕರಪ್ಪ ಒಂದು ಸರಳ ಪ್ರಶ್ನೆ ಹಿಡಿದು ಕರ್ನಾಟಕ ಹೈಕೋರ್ಟಿಗೆ ಹೋದರು. ಸೆನ್ಸಾರ್ ಮಂಡಳಿ, ಮೇಲ್ಮನವಿ ನ್ಯಾಯಮಂಡಳಿ ಎರಡೂ ಚಿತ್ರ ನೋಡಿ ತೀರ್ಮಾನ ಕೊಟ್ಟ ಮೇಲೆ ಕೇಂದ್ರ ಸರ್ಕಾರ ಅದನ್ನು ತಿರುಗಿ ಕೆದಕಬಹುದೇ? ಕೂಡದು ಎಂದು ಹೈಕೋರ್ಟು 1990ರಲ್ಲಿ ಹೇಳಿತು. ಸುಪ್ರೀಂ ಕೋರ್ಟು 2000ದ ನವೆಂಬರ್‌ನಲ್ಲಿ ಅದನ್ನೇ ಎತ್ತಿಹಿಡಿಯಿತು. ಗಲಾಟೆಯಾಗುತ್ತದೆ ಎಂಬ ನೆಪ ಒಡ್ಡಿ ಸರ್ಕಾರ ಕೈಚೆಲ್ಲುವಂತಿಲ್ಲ, ಶಾಂತಿ ಕಾಯುವುದು ಅದರದೇ ಕೆಲಸ ಎಂಬುದು ಆ ತೀರ್ಪಿನ ತಿರುಳು. ಕನ್ನಡ ಚಿತ್ರರಂಗ ದೇಶದ ಸಿನಿಮಾಕ್ಕೆ ಕೊಟ್ಟ ದೊಡ್ಡ ಕೊಡುಗೆಗಳಲ್ಲಿ ಇದೂ ಒಂದು. ನಮ್ಮಲ್ಲಿ ಅದನ್ನು ನೆನೆಯುವವರು ಕಡಿಮೆ.

ಕಾಗದದಲ್ಲಿ ಒಂದು, ತೆರೆಯಲ್ಲಿ ಇನ್ನೊಂದು

ಸರ್ಕಾರದ ಅಳತೆಗೋಲು ಏಕೆ ತಪ್ಪುತ್ತದೆ ಎಂಬುದಕ್ಕೆ ದೂರದ ಜಪಾನಿನದೊಂದು ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿ ಕುರೊಸಾವಾ ಗೊತ್ತು. ‘ತಬ್ಬಲಿಯು ನೀನಾದೆ ಮಗನೆ’ ಆದ ಮರುವರ್ಷವೇ ಕಾರ್ನಾಡರು ಕುರೊಸಾವಾನ ಪ್ರಭಾವವನ್ನು ಮುಚ್ಚಿಡದೆ ‘ಒಂದಾನೊಂದು ಕಾಲದಲ್ಲಿ’ ಮಾಡಿದರು. ಆದರೆ ಕೈಸುಕೆ ಕಿನೋಶಿತನ ‘ರಿಕುಗುನ್’ ನೋಡಿದವರು ಕಡಿಮೆ. ಭೂಸೇನೆ ಎಂದು ಅದರ ಅರ್ಥ. 1944ರಲ್ಲಿ, ಯುದ್ಧ ಕೈಮೀರುತ್ತಿದ್ದಾಗ, ಜಪಾನಿನ ಸೇನಾ ಇಲಾಖೆಯೇ ಪ್ರಾಯೋಜಿಸಿ ಶೋಚಿಕು ಕಂಪನಿಯಿಂದ ಮಾಡಿಸಿದ ಚಿತ್ರ. ಒಂದು ಕುಟುಂಬದ ಮೂರು ತಲೆಮಾರು ಮಕ್ಕಳನ್ನು ಚಕ್ರವರ್ತಿಯ ಸೇವೆಗೆಂದೇ ಬೆಳೆಸುವ ಕಥೆ. ಮಾತೆಲ್ಲ ಕರ್ತವ್ಯ, ನಿಷ್ಠೆ, ಗೌರವ.

ಕೊನೆಗೆ ಮಗ ಯುದ್ಧಕ್ಕೆ ಹೊರಡುತ್ತಾನೆ. ಬೀಳ್ಕೊಡಲು ಹೋದರೆ ಅಳು ಬಂದೀತೆಂದು ತಾಯಿ ಮನೆಯಲ್ಲೇ ಉಳಿಯುತ್ತಾಳೆ. ಕಂಠಪಾಠವಾದ ಸೈನಿಕ ಧರ್ಮದ ಮಾತುಗಳನ್ನು ಗೊಣಗುತ್ತ ಕೂತವಳ ಕಿವಿಗೆ ಕಹಳೆಯ ಸದ್ದು ಬೀಳುತ್ತದೆ. ಎದ್ದು ಬೀದಿಗೆ ಓಡುತ್ತಾಳೆ. ಬಾವುಟ ಬೀಸುವ ಜನರ ನಡುವೆ ನುಗ್ಗಿ, ಮಾರ್ಚ್ ಮಾಡುವ ಸಾಲಿನಲ್ಲಿ ಮಗನನ್ನು ಹುಡುಕಿ, ಅವನ ಜೊತೆಜೊತೆಗೆ ಅಳುತ್ತ ಹೆಜ್ಜೆ ಹಾಕುತ್ತಾಳೆ. ಕ್ಯಾಮೆರಾ ಸೈನ್ಯವನ್ನು ಬಿಟ್ಟು ಅವಳ ಹಿಂದೆ ಓಡುತ್ತದೆ. ಕಿನುಯೊ ತನಕ ಎಂಬ ನಟಿಯ ಆ ಮುಖ ನೋಡಿದ ಮೇಲೆ ಅಲ್ಲಿಯವರೆಗಿನ ಭಾಷಣವೆಲ್ಲ ಪೊಳ್ಳಾಗಿ ಕೇಳುತ್ತದೆ. ಕೊನೆಯ ಚಿತ್ರಿಕೆಯಲ್ಲಿ ಅವಳು ಕೈಮುಗಿದು ನಿಂತಿದ್ದಾಳೆ. ಸೇನೆಯವರಿಗೆ ಸಿಟ್ಟು ಬಂತು. ಯುದ್ಧ ಮುಗಿಯುವವರೆಗೆ ಕಿನೋಶಿತನಿಗೆ ಇನ್ನೊಂದು ಚಿತ್ರ ಮಾಡಲಾಗಲಿಲ್ಲ.

‘ರಿಕುಗುನ್’ ಯುದ್ಧದ ತುತ್ತೂರಿಯೋ, ಯುದ್ಧದ ವಿರುದ್ಧದ ಚಿತ್ರವೋ? ವಾದ ಇನ್ನೂ ಮುಗಿದಿಲ್ಲ. ಮುಕ್ಕಾಲು ಪಾಲು ತುತ್ತೂರಿ ಎನ್ನುವವರ ಮಾತೂ ನಿಜ. ಕೊನೆಯ ಕೆಲವು ನಿಮಿಷ ಅದನ್ನು ಬುಡಮೇಲು ಮಾಡುತ್ತದೆ ಎನ್ನುವವರ ಮಾತೂ ನಿಜ. ನಮಗೆ ಬೇಕಾದ ಪಾಠ ಇಷ್ಟು: ಪಾತ್ರಗಳು ಆಡುವ ಮಾತು ಒಂದು ಪಕ್ಷದಲ್ಲಿದ್ದಾಗ ಕ್ಯಾಮೆರಾ ಇನ್ನೊಂದು ಪಕ್ಷದಲ್ಲಿರಬಹುದು.

ಗೆದ್ದವರ ಲೆಕ್ಕ

ಎರಡನೆಯ ಅಳತೆಗೋಲು, ಕಥೆಯ ಕೊನೆಗೆ ಯಾರು ಗೆದ್ದರು ಎಂಬುದು. ‘ವಂಶವೃಕ್ಷ’ವನ್ನು ಇದರಿಂದ ಅಳೆದು ನೋಡಿ. ವಿಧವೆ ಕಾತ್ಯಾಯಿನಿ ಮರುಮದುವೆಯಾಗುತ್ತಾಳೆ. ಗರ್ಭ ನಿಲ್ಲುವುದಿಲ್ಲ, ದೇಹ ಸೋಲುತ್ತದೆ, ಸಾವು ಬರುತ್ತದೆ. ಸಂಪ್ರದಾಯ ಮೀರಿದ ಹೆಣ್ಣಿಗೆ ಶಿಕ್ಷೆ, ಇದು ಹಳಬರ ಪಕ್ಷದ ಕಥೆ ಎಂದು ಒಬ್ಬರು ಹೇಳಬಹುದು. ಆದರೆ ವಂಶ ವಂಶ ಎಂದು ಬದುಕಿದ ಶ್ರೀನಿವಾಸ ಶ್ರೋತ್ರಿಗಳಿಗೆ, ತಮ್ಮ ಹುಟ್ಟೇ ಆ ವಂಶದ್ದಲ್ಲ ಎಂದು ತಿಳಿಯುತ್ತದೆ. ಯಾವ ಮರದ ಹೆಸರಲ್ಲಿ ಸೊಸೆಯ ಮೇಲೆ ತೀರ್ಪು ನಡೆಯಿತೋ ಆ ಮರಕ್ಕೆ ಬೇರೇ ಇಲ್ಲ. ಇದಕ್ಕಿಂತ ದೊಡ್ಡ ಟೀಕೆ ಬೇಕೇ ಎಂದು ಇನ್ನೊಬ್ಬರು ಕೇಳಬಹುದು. ಒಂದೇ ಕಥೆ ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ.

ಜನಪ್ರಿಯ ಹಳ್ಳಿ ಚಿತ್ರಗಳಲ್ಲಿ ಗೆದ್ದವರ ಲೆಕ್ಕ ಇನ್ನೂ ಸೋಜಿಗದ್ದು. ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ (1972) ಹಳ್ಳಿಗೆ ಬಂದು ಕಲ್ಲುಭೂಮಿಯನ್ನು ಹೊನ್ನು ಮಾಡುವವನ ಕಥೆ. ಗೆಲ್ಲುವುದು ದುಡಿಮೆ. ಆದರೆ ಭೂಮಿ ಯಾರದು, ಕೂಲಿ ಎಷ್ಟು ಎಂಬ ಪ್ರಶ್ನೆ ಒಬ್ಬ ಮನುಷ್ಯನ ಒಳ್ಳೆಯತನದಲ್ಲಿ ಕರಗಿಹೋಗುತ್ತದೆ. ಅದೇ ನಿರ್ದೇಶಕರ ‘ಭೂತಯ್ಯನ ಮಗ ಅಯ್ಯು’ (1974), ಗೊರೂರರ ಕಥೆ ಆಧರಿಸಿದ್ದು, ಸಾಲ ಕೊಡುವವನ ಕ್ರೌರ್ಯವನ್ನು ಹಲ್ಲುಕಚ್ಚಿ ತೋರಿಸುತ್ತದೆ. ಕೊನೆಗೆ ದಾರಿ ತೋರುವುದು ಮನಃಪರಿವರ್ತನೆ, ರಾಜಿ. ಅದೇ 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು, ಗೇಣಿದಾರರು ಡಿಕ್ಲರೇಷನ್ ಹಿಡಿದು ಭೂನ್ಯಾಯಮಂಡಳಿಗಳ ಮುಂದೆ ಸಾಲುಗಟ್ಟಿದರು. ಊರಲ್ಲಿ ಭೂಮಿಯ ಜಗಳ ಕಾನೂನಿನ ಮುಂದೆ ನಿಂತಿದ್ದಾಗ ತೆರೆಯಲ್ಲಿ ಅದು ಹೃದಯದ ಮುಂದೆ ನಿಂತಿತ್ತು. ಆ ಚಿತ್ರಗಳ ಒಲವು ಇದ್ದರೆ ಇಲ್ಲಿದೆ. ಯಾವ ಪಕ್ಷದ ಬಾವುಟವೂ ಅದರಲ್ಲಿ ಕಾಣುವುದಿಲ್ಲ.

ಬಾವುಟವನ್ನೇ ತೋರಿಸುವ ಚಿತ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ಚುನಾವಣೆ, ಜಾತಿ, ಊರಿನ ಸಂಬಂಧಗಳು ಸಿಕ್ಕುಸಿಕ್ಕಾಗುವ ‘ಮತದಾನ’ದಂಥ ಕಥೆ ನೋಡಿ ಹೊರಬಂದವರು ‘ರಾಜಕೀಯ ಅಂದ್ರೆ ಕೊಳಕು’ ಎಂದು ಕೈತೊಳೆದುಕೊಳ್ಳುವುದುಂಟು. ಹಾಗೆ ಕೈತೊಳೆದುಕೊಳ್ಳುವುದೂ ಒಂದು ರಾಜಕೀಯವೇ. ರಾಜಕೀಯವಿಲ್ಲದೆಯೂ ಸಂಸಾರ ನಡೆಯುವಷ್ಟು ಅನುಕೂಲವಿದ್ದವರಿಗೆ ಮಾತ್ರ ಅದು ಕೊಳಕು. ತಿಪಟೂರಿನ ಮಾರುಕಟ್ಟೆ ಪ್ರಾಂಗಣದಲ್ಲಿ ಕೊಬ್ಬರಿ ಚೀಲ ಹೊತ್ತು ನಿಂತವನಿಗೆ ಅದು ಅನ್ನದ ಪ್ರಶ್ನೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ, 2024ಕ್ಕೆ 12,000. 2023ರಲ್ಲಿ ಮಾರುಕಟ್ಟೆಯ ಬೆಲೆ ಅದರಿಂದ ಸಾವಿರಾರು ರೂಪಾಯಿ ಕೆಳಗೆ ಬಿದ್ದಿತ್ತು. ನಫೆಡ್ ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ ಎಂಬ ಮಾತು ಮದುವೆ ಮನೆಯಲ್ಲೂ ನಡೆಯುತ್ತಿತ್ತು. ನಮ್ಮ ಸೀಮೆಯ ನಿಜವಾದ ರಾಜಕೀಯ ಸಂಭಾಷಣೆ ಅದು. ಕನ್ನಡ ತೆರೆಯ ಮೇಲೆ ನಾನು ಅದನ್ನು ಕೇಳಿಲ್ಲ.

ತಲೆ ಎಣಿಸಿದರೆ ಸಾಕೇ?

ಮೂರನೆಯ ಅಳತೆಗೋಲು ಪ್ರಾತಿನಿಧ್ಯದ್ದು. ಇದು ಹೊಸ ಮಾತು ಎಂದುಕೊಳ್ಳುತ್ತೇವೆ. ಹಳೆಯ ಚಿತ್ರಗಳಿಗೂ ಚೆನ್ನಾಗಿ ಹೊಂದುತ್ತದೆ. 1954ರ ‘ಬೇಡರ ಕಣ್ಣಪ್ಪ’ದ ನಿರ್ಮಾಣದಲ್ಲಿ ನಮ್ಮದೇ ಜಿಲ್ಲೆಯ ಗುಬ್ಬಿ ಕಂಪನಿಯ ಕೈಯಿತ್ತು. ರಾಜಕುಮಾರರ ಜೊತೆಗೆ ತಿಪಟೂರಿನ ಮಗ ನರಸಿಂಹರಾಜು ತೆರೆಗೆ ಬಂದದ್ದೂ ಅದರಲ್ಲೇ. ಭಕ್ತಿಯ ಕಥೆ, ನಿಜ. ಆದರೆ ಬೇಡನ ಮೇಲೆ ಕಳ್ಳತನ ಹೊರಿಸುವ ಅರ್ಚಕ ಅದರಲ್ಲಿದ್ದಾನೆ. ಹೊಡೆತ ತಿನ್ನುವವನು ಬೇಡ, ದೇವರು ಅವನ ಕಡೆ. ಅರ್ಚಕನ ಮಗನಾಗಿ ನರಸಿಂಹರಾಜು ನಗಿಸುತ್ತಲೇ ಆ ಮನೆಯ ಬಂಡವಾಳ ಬಯಲಿಗೆಳೆಯುತ್ತಾರೆ. ಗಂಭೀರ ಪಾತ್ರ ಹೇಳಲಾಗದ ಮಾತನ್ನು ಹಾಸ್ಯಗಾರ ಹೇಳಿ ದಕ್ಕಿಸಿಕೊಳ್ಳುವ ಹಾದಿ ಕನ್ನಡ ಚಿತ್ರದಲ್ಲಿ ಅಲ್ಲಿಂದಲೇ ಇತ್ತು.

ಇಪ್ಪತ್ತೊಂದು ವರ್ಷ ಕಳೆದು ‘ಚೋಮನ ದುಡಿ’ ಬಂತು. ಬಿ.ವಿ. ಕಾರಂತರು ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಚಿತ್ರ ಮಾಡಿದರು. ಎತ್ತುಗಳಿದ್ದರೂ ಉಳಲು ಸ್ವಂತ ತುಂಡು ನೆಲವಿಲ್ಲದ ಚೋಮ. ಎಂ.ವಿ. ವಾಸುದೇವರಾವ್ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು, ಚಿತ್ರಕ್ಕೆ ಸ್ವರ್ಣಕಮಲ ಬಂತು. ತಲೆ ಎಣಿಸುವ ಲೆಕ್ಕದಲ್ಲಿ ಇದಕ್ಕೆ ಪೂರ್ತಿ ಅಂಕ: ದಲಿತನೇ ನಾಯಕ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಾದಂಬರಿಕಾರ, ನಿರ್ದೇಶಕ, ನಟ, ಮೂವರೂ ಚೋಮನ ಕೇರಿಯವರಲ್ಲ. ಚೋಮನ ನೋವು ಅವರಿಗೆ ಕಂಡಿತು. ಚೋಮನ ಕೇರಿ ತನ್ನೊಳಗೆ ಏನು ಮಾತಾಡಿಕೊಳ್ಳುತ್ತಿತ್ತು ಎಂಬುದು ಕೇಳಲಿಲ್ಲ. ಎಂ.ಎಸ್. ಸತ್ಯು ಅವರ ‘ಬರ’ದಲ್ಲೂ ಇದೇ ತೊಡಕು. ಅನಂತಮೂರ್ತಿಯವರ ಕಥೆ, ಬರಗಾಲದ ರಾಜಕಾರಣವನ್ನು ಅಷ್ಟು ನೇರವಾಗಿ ತೋರಿಸಿದ ಚಿತ್ರಗಳು ವಿರಳ. ಆದರೆ ಬರವನ್ನು ನಾವು ನೋಡುವುದು ಜಿಲ್ಲಾಧಿಕಾರಿಯ ಕಣ್ಣಿಂದ. ಬಾಯಾರಿದವರು ಅವನ ಜೀಪಿನ ಗಾಜಿನಾಚೆ ಇದ್ದಾರೆ.

ಹಾಗಾಗಿ ನಾನು ಇತ್ತೀಚೆಗೆ ತಲೆ ಎಣಿಸುವುದನ್ನು ಬಿಟ್ಟು ಕೈ ನೋಡುತ್ತೇನೆ. ತೆರೆಯ ಮೇಲೆ ಯಾರ ಕೈಯಲ್ಲಿ ಕೆಲಸವಿದೆ, ಆ ಕೆಲಸ ಪೂರ್ತಿ ಕಾಣುತ್ತದೆಯೇ? ಪಹಣಿ ಯಾರ ಹೆಸರಲ್ಲಿದೆ? ಮಾತು ಯಾರದು? ಎಲ್ಲರೂ ಹೊರಟುಹೋದ ಮೇಲೆ ಕ್ಯಾಮೆರಾ ಯಾರ ಹತ್ತಿರ ಉಳಿಯುತ್ತದೆ?

‘ಒಂದಾನೊಂದು ಕಾಲದಲ್ಲಿ’ ಈ ಪರೀಕ್ಷೆಯಲ್ಲಿ ಅನಿರೀಕ್ಷಿತವಾಗಿ ಮೇಲೆ ಬರುತ್ತದೆ. ಕತ್ತಿವರಸೆಯ ಚಿತ್ರವೆಂದು ಅದನ್ನು ಬದಿಗಿಡುತ್ತೇವೆ. ನಿಜದಲ್ಲಿ ಅದು ಕೂಲಿಯವರ ಕಥೆ. ದಾಯಾದಿ ಒಡೆಯರಿಬ್ಬರ ಜಗಳಕ್ಕೆ ಸಂಬಳಕ್ಕೆ ಬಂದ ಸೈನಿಕರು, ಶಂಕರ್ ನಾಗ್ ಮತ್ತು ಸುಂದರಕೃಷ್ಣ ಅರಸ್, ಎದುರುಬದುರು ನಿಂತವರು, ತಮ್ಮಿಬ್ಬರನ್ನೂ ಬಳಸಿ ಎಸೆಯುತ್ತಿದ್ದಾರೆಂದು ಅರಿತು ಒಂದಾಗುತ್ತಾರೆ.

‘ಗೃಹಭಂಗ’ದ ನಂಜಮ್ಮನದೂ ಕೈಯ ಕಥೆಯೇ. ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ಬರೆಯುವುದು ಅವಳ ಕೈ; ಮುತ್ತುಗದ ಎಲೆ ಹಚ್ಚಿ ಸಂಸಾರ ಸಾಗಿಸುವುದೂ ಅದೇ ಕೈ. ಸಹಿ ಮಾತ್ರ ಅವಳದಲ್ಲ. ಸಂಪ್ರದಾಯದ ಪಕ್ಷಪಾತಿ ಎಂದು ಹಲವರು ಕರೆಯುವ ಲೇಖಕ, ಕನ್ನಡದಲ್ಲಿ ಹೆಣ್ಣಿನ ದುಡಿಮೆಯ ಇಂಥ ದಾಖಲೆಯನ್ನು ಬಿಟ್ಟುಹೋಗಿದ್ದಾರೆ. ಕಾಸರವಳ್ಳಿಯವರ ಧಾರಾವಾಹಿ ಆ ದುಡಿಮೆಯ ನಿಧಾನವನ್ನು ಕಂತು ಕಂತಾಗಿ ಉಳಿಸಿಕೊಂಡಿತು. ‘ನಾಯಿ ನೆರಳು’ ಚಿತ್ರದಲ್ಲಿ ಅವರು ಇನ್ನೂ ಮುಂದೆ ಹೋದರು. ಕಾದಂಬರಿಯ ಮುಖ್ಯ ಪ್ರಶ್ನೆ ಪುನರ್ಜನ್ಮ ನಿಜವೇ ಎಂಬುದು. ಸತ್ತ ಗಂಡನೇ ಮತ್ತೆ ಹುಟ್ಟಿ ಬಂದಿದ್ದಾನೆ ಎಂದು ಊರು ನಂಬುವ ಹುಡುಗನನ್ನು ಒಪ್ಪಿಕೊಳ್ಳುವ ವಿಧವೆ ವೆಂಕು, ಅವಳ ಅತ್ತೆ, ಅವಳ ಮಗಳು, ಮೂರು ತಲೆಮಾರಿನ ಹೆಂಗಸರಿಗೆ ಆ ನಂಬಿಕೆಯಿಂದ ಏನಾಗುತ್ತದೆ ಎಂಬುದು ಚಿತ್ರದ ಪ್ರಶ್ನೆ. ಕಥೆ ಅದೇ, ಕ್ಯಾಮೆರಾ ಕೂತ ಜಾಗ ಬೇರೆ. ಒಲವು ಬದಲಾದದ್ದು ಅಷ್ಟರಿಂದಲೇ.

ಎರಡು ಹಸು, ನಲವತ್ತನಾಲ್ಕು ವರ್ಷ

ಮತ್ತೆ ನಮ್ಮ ಪಂಚೆಯ ತೆರೆಗೆ ಬರೋಣ. ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿ ಬಂದದ್ದು 1968ರಲ್ಲಿ. ಅದಕ್ಕೆ ನಾಲ್ಕು ವರ್ಷ ಮುಂಚೆ, 1964ರಲ್ಲಿ, ನಮ್ಮ ರಾಜ್ಯದ ಗೋಹತ್ಯೆ ತಡೆ ಕಾಯಿದೆ ಬಂದಿತ್ತು. ಶೀರ್ಷಿಕೆ ಗೋವಿನ ಹಾಡಿನದು. ಆ ಹಾಡಿನ ಕಾಳಿಂಗನ ವಂಶದವರು ತಾವೆಂದು ನಂಬಿದ ಗೊಲ್ಲರ ಮನೆ. ಮೊಮ್ಮಗ ಕಾಳಿಂಗನಿಗೆ ದನ ಎಂದರೆ ಹಾಲಿನ ಉತ್ಪಾದನೆ, ಊರಿಗೆ ತಾಯಿ. ಹಸುವಿನ ಸಾವು ಮನೆಗೂ ಊರಿಗೂ ನಡುವೆ ಬೆಂಕಿ ಹಚ್ಚುತ್ತದೆ.

ಎಡಗಣ್ಣಿನವರು ಇದರಲ್ಲಿ ಆಧುನಿಕತೆಯ ಮೇಲಿನ ಅನುಮಾನವನ್ನು, ಹೊರಗಿನ ಹೆಣ್ಣಿನ ಮೇಲೆ ಹೊರಿಸಿದ ಅಪರಾಧವನ್ನು ಕಾಣುತ್ತಾರೆ. ಬಲಗಣ್ಣಿನವರು ನಮ್ಮ ಸಂಸ್ಕೃತಿಯ ಅಳಲನ್ನು ಕಾಣುತ್ತಾರೆ. ಚಿತ್ರ ಇಬ್ಬರನ್ನೂ ಪೂರ್ತಿ ತೃಪ್ತಿಪಡಿಸುವುದಿಲ್ಲ. ಸತ್ತ ಹಸುವಿಗೆ ಅಳುವ ಊರು, ಬದುಕಿರುವ ಮನುಷ್ಯರ ಜೊತೆ ಎಷ್ಟು ನಿರ್ದಯವಾಗಬಲ್ಲದು ಎಂಬುದೂ ಅದರಲ್ಲಿದೆ. ಬೇರು ಕಳೆದುಕೊಂಡ ಮಗನ ದಿಕ್ಕೆಟ್ಟ ಮುಖವೂ ಇದೆ.

ನಲವತ್ತನಾಲ್ಕು ವರ್ಷಗಳ ನಂತರ, 2021ರಲ್ಲಿ, ನಟೇಶ್ ಹೆಗಡೆಯವರ ‘ಪೆದ್ರೊ’ ಬೂಸಾನ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಉತ್ತರ ಕನ್ನಡದ ಕಾಡಂಚಿನ ಊರು. ಸಿಕ್ಕ ಕೆಲಸ ಮಾಡಿಕೊಂಡು ಊರ ಅಂಚಿನಲ್ಲಿ ಬದುಕುವ ಪೆದ್ರೊ ಕೈಯಿಂದ ಆಕಸ್ಮಿಕವಾಗಿ ಹಸು ಸಾಯುತ್ತದೆ. ಆಮೇಲೆ ಊರು ಊರಾಗಿ ಉಳಿಯುವುದಿಲ್ಲ. ಆ ವರ್ಷದ ಆರಂಭದಲ್ಲೇ ರಾಜ್ಯದಲ್ಲಿ ಹೊಸ, ಹೆಚ್ಚು ಬಿಗಿಯಾದ ಜಾನುವಾರು ಹತ್ಯೆ ತಡೆ ಕಾನೂನು ಜಾರಿಗೆ ಬಂದಿತ್ತು. 1977ರ ಚಿತ್ರದಲ್ಲಿ ಹಸುವಿನ ಸಾವು ಎರಡು ನಾಗರಿಕತೆಗಳ ತಾಕಲಾಟ. ಇಂಗ್ಲಿಷ್ ಮಾತಾಡುವ ಕುಟುಂಬವೊಂದು ಅದರ ನಡುವೆ. 2021ರ ಚಿತ್ರದಲ್ಲಿ ಅದು ಪಹಣಿಯಿಲ್ಲದವನ ಹೆಗಲಿಗೆ ಬಿದ್ದ ಹೊರೆ. ಎರಡರಲ್ಲೂ ಪಕ್ಷದ ಹೆಸರಿಲ್ಲ. ಆದರೆ ಯಾರ ಹೆಗಲು ಎಂದು ಕೇಳಿದ ತಕ್ಷಣ ಎರಡರ ನಡುವಿನ ದೂರ ತಿಳಿಯುತ್ತದೆ.

ಪಹಣಿಯ ಪ್ರಶ್ನೆಯನ್ನೇ ನಗೆಯಾಗಿಸಿದ್ದು ರಾಮ್ ರೆಡ್ಡಿಯವರ ‘ತಿಥಿ’ (2015). ಮಂಡ್ಯ ಸೀಮೆಯ ನೊದೆಕೊಪ್ಪಲಿನ ಜನರೇ ನಟರು, ಅವರ ಮಾತೇ ಸಂಭಾಷಣೆ. ಬದುಕಿರುವ ಅಪ್ಪನನ್ನು ಕಾಗದದಲ್ಲಿ ಸಾಯಿಸಿ ಜಮೀನು ಮಾರಲು ಹೊರಟ ಮಗ ಅದರಲ್ಲಿದ್ದಾನೆ. ಭಾಷಣವಿಲ್ಲ, ಘೋಷಣೆಯಿಲ್ಲ. ಆದರೂ ಭೂಮಿ ಮತ್ತು ಕಚೇರಿ ನಮ್ಮ ಹಳ್ಳಿಗಳನ್ನು ಹೇಗೆ ಆಳುತ್ತವೆ ಎಂಬುದನ್ನು ಅದರಷ್ಟು ಸ್ಪಷ್ಟವಾಗಿ ಹೇಳಿದ ‘ರಾಜಕೀಯ ಚಿತ್ರ’ ನನಗೆ ನೆನಪಾಗುವುದಿಲ್ಲ.

ತೆರೆಯಲ್ಲಿಲ್ಲದ ಅಟ್ಟ

ತೆಂಗಿನ ತೋಟ ಕನ್ನಡ ಸಿನಿಮಾದಲ್ಲಿ ಬೇಕಾದಷ್ಟಿದೆ, ಹಾಡಿನ ಹಿಂದೆ. ನಾಯಕ ನಾಯಕಿ ಮರ ಸುತ್ತುವಾಗ ಕಾಯಿ ಕೀಳುವವನು ಮರದ ಮೇಲಿಲ್ಲ. ಕಿತ್ತ ಕಾಯಿ ಅಟ್ಟದಲ್ಲಿ ಹತ್ತು ಹನ್ನೆರಡು ತಿಂಗಳು ಕೂತು, ಒಳಗಿನ ನೀರೆಲ್ಲ ಇಂಗಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಅನ್ನಬೇಕು. ಆಮೇಲೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ತಿರುವಿ ಮಟ್ಟೆ ಸುಲಿಯಬೇಕು. ಆಮೇಲೆ ಮಚ್ಚಿನಿಂದ ಮೆಲ್ಲಗೆ ತಟ್ಟಿ, ಒಳಗಿನ ಉಂಡೆಗೆ ಗೀರು ಬೀಳದಂತೆ ಚಿಪ್ಪು ಬಿಡಿಸಬೇಕು. ಗೀರು ಬಿದ್ದರೆ ಬೆಲೆ ಬಿತ್ತು. ಒಂದು ಏಟಿನ ತೂಕ ಎಷ್ಟಿರಬೇಕು ಎಂಬುದು ಆ ಹೆಂಗಸರ ಮಣಿಕಟ್ಟಿಗೆ ಗೊತ್ತು. ಆ ಮಣಿಕಟ್ಟಿನ ಮೇಲೆ ಯಾವ ನಿರ್ದೇಶಕನ ಕ್ಯಾಮೆರಾವೂ ಒಂದು ನಿಮಿಷ ನಿಂತದ್ದನ್ನು ನಾನು ನೋಡಿಲ್ಲ. ಎಡದವರದೂ ಇಲ್ಲ, ಬಲದವರದೂ ಇಲ್ಲ. ಒಲವಿನ ವಿಷಯದಲ್ಲಿ ಜಗಳವಾಡುವ ಎರಡೂ ಕಡೆಯವರು ಈ ಒಂದು ವಿಷಯದಲ್ಲಿ ಒಮ್ಮತದಿಂದಿದ್ದಾರೆ.

ಕೈಯ ಅಳತೆಗೋಲೂ ಪರಿಪೂರ್ಣವಲ್ಲ, ಒಪ್ಪುತ್ತೇನೆ. ದುಡಿಮೆಯನ್ನು ಚೆಂದಗಾಣಿಸಿ ದುಡಿಯುವವನ ದೂರನ್ನು ಮುಚ್ಚಿಹಾಕಬಹುದು. ಸರ್ಕಾರಿ ಸಾಕ್ಷ್ಯಚಿತ್ರಗಳು ಅದನ್ನೇ ಮಾಡುತ್ತ ಬಂದಿವೆ. ಒಳ್ಳೆಯ ಚಿತ್ರವೆಲ್ಲ ಕೂಲಿಯವರದೇ ಆಗಬೇಕೆಂದೂ ಇಲ್ಲ. ಆದರೆ ಹೆಸರು, ಗೆಲುವು, ತಲೆಯೆಣಿಕೆ ಇವುಗಳಿಗಿಂತ ಇದು ಒಂದು ವಿಷಯದಲ್ಲಿ ಮೇಲು: ಚಿತ್ರವನ್ನು ಪೂರ್ತಿ ನೋಡದೆ ಇದನ್ನು ಬಳಸಲು ಬರುವುದಿಲ್ಲ.

ಆ ರಾತ್ರಿ ಇಷ್ಟೆಲ್ಲ ಹೇಳಲು ನನಗೆ ತೋಚಿರಲಿಲ್ಲ. “ಕಾದಂಬರಿ ಒಂದು ಕಡೆ, ಡೈರೆಕ್ಟರು ಇನ್ನೊಂದು ಕಡೆ ಕಣೋ” ಎಂದೇನೋ ಹೇಳುತ್ತಿದ್ದೆ. ಹುಡುಗ ವಾದಕ್ಕೆ ಬಿದ್ದ. ಭಾವ ಟಿಪ್ಪುವನ್ನು ಎಳೆದು ತಂದರು. ಮಾತು ಬೆಳೆಯಿತು. ಹೊಸಿಲಿನಾಚೆ ಕೂತಿದ್ದವರು ಎದ್ದು, ಸೆರಗು ಕೊಡವಿಕೊಂಡು, ಹೊರಡುವ ಮುಂಚೆ ಅಕ್ಕನನ್ನು ಕೇಳಿದರು: “ಅಲ್ಲ ಕಣವ್ವ, ಅಷ್ಟೊಂದ್ ಜನ ಅಷ್ಟೊಂದ್ ಮಾತಾಡಿದ್ರಲ್ಲ. ಆ ಮೂಗಮ್ಮನ್ನ ಯಾರಾದ್ರೂ ಏನಾದ್ರೂ ಕೇಳಿದ್ರಾ?”

ಅಕ್ಕ ನನ್ನ ಮುಖ ನೋಡಿದಳು. ನಾನು ಪ್ರೊಜೆಕ್ಟರ್‌ನ ವೈರು ಸುತ್ತುತ್ತ ಕೂತೆ.